ಸಮುದ್ರ ಬಿಟ್ಟು ಕರಾವಳಿ

ಈ ವರ್ಷದ ಕರಾವಳಿ ಪ್ರವಾಸದ ಯೋಜನೆಯನ್ನು ನಾನೇ ಬರೆದೆ. ಮೂರು ದಿನ. ಬೈಲಹೊಂಗಲದಿಂದ ಧಾರವಾಡ, ಅಲ್ಲಿಂದ ಯಲ್ಲಾಪುರ ಘಟ್ಟ ಇಳಿದು ಅಂಕೋಲೆಯ ಕಡೆಗೆ. ಮೊದಲ ದಿನ ಎರಡು ದೇವಸ್ಥಾನ, ಒಂದು ಗುಡ್ಡ. ಎರಡನೇ ದಿನ ಸಂತೆ, ಉಪ್ಪು ಮಾಡುವ ಜಾಗ, ಗೋಡಂಬಿ ಕಾರ್ಖಾನೆ. ಮೂರನೇ ದಿನ ವಿಶ್ರಾಂತಿ, ಹಪ್ಪಳ ಖರೀದಿ, ವಾಪಸು. ಅತ್ತೆಯವರು ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಕೂತಿದ್ದರು. ಅವರ ಮುಂದೆ ನಿಂತು ಓದಿದೆ. ಕೊನೆಯವರೆಗೂ ಕೇಳಿಸಿಕೊಂಡರು.

"ಭಾಳ ಚಲೋ ಬರದೀಯವಾ. ಸಮುದ್ರ ಎಲ್ಲೈತಿ ಇದರಾಗ?"

"ಬಸ್ಸಿನಾಗಿಂದ ಕಾಣತೈತ್ರಿ."

"ಬಸ್ಸಿನಾಗಿಂದ ನೋಡಾಕ ಅದೇನು ಕಿತ್ತೂರ ಬಸ್ ಸ್ಟ್ಯಾಂಡೇನು?"

ನಾನು ಪಿಯು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಗಂಡನದು ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ. ಮಳೆ ನಿಂತು, ಹಿಂಗಾರಿ ಬಿತ್ತನೆ ಮುಗಿದು, ರೈತರು ನೀರು ಹಾಯಿಸಲು ಶುರುಮಾಡುವುದಕ್ಕೆ ಮೊದಲು ನಮ್ಮ ತಾಲೂಕಿನಲ್ಲಿ ಯಾರ ಮೋಟರೂ ಸುಡುವುದಿಲ್ಲ. ಚಳಿಗಾಲದ ಮೊದಲ ಆ ಕೆಲವು ದಿನ ಮಾತ್ರ ಅಂಗಡಿಗೆ ಬೀಗ ಹಾಕಬಹುದು. ಕರಾವಳಿಯಲ್ಲಿ ಆಗ ಸೀಜನ್ ಇಲ್ಲ. ಶಾಲಾ ಮಕ್ಕಳ ಪ್ರವಾಸಗಳು ಇನ್ನೂ ಹೊರಟಿರುವುದಿಲ್ಲ, ಲಾಡ್ಜುಗಳು ಖಾಲಿ, ದಂಡೆಯ ಮೇಲೆ ಚಹಾದ ಗೂಡಂಗಡಿ ಕೂಡ ತೆರೆದಿರುವುದಿಲ್ಲ. ಹೋದ ವರ್ಷ ನಾವು ಇದನ್ನು ಅನುಕೂಲ ಎಂದೇ ತಿಳಿದು ಹೋದೆವು. ಕಾಪಾಡಲು ಯಾರಾದರೂ ಬೇಕಾದಾಗ ದಂಡೆಯ ಮೇಲೆ ಯಾರೂ ಇರುವುದಿಲ್ಲ ಎಂಬುದು ಅದೇ ಅನುಕೂಲದ ಇನ್ನೊಂದು ಮಗ್ಗಲು.

ಹೋದ ವರ್ಷ ಆದದ್ದು ಇಷ್ಟು.

ದೀಪಾವಳಿ ಪಾಡ್ಯ ಮುಗಿಸಿ ಹೊರಟು, ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅತ್ತೆ, ಗಂಡ, ನಾನು ಮೂವರೂ ಅಂಕೋಲೆಯ ಕಡೆಯ ಒಂದು ದಂಡೆಗೆ ಇಳಿದೆವು. ನೀರು ಬಹಳ ಹಿಂದಕ್ಕೆ ಸರಿದಿತ್ತು. ದಂಡೆಯಿಂದ ನೂರು ಹೆಜ್ಜೆ ಆಚೆ ಒಂದು ಕಪ್ಪು ಹಾಸುಗಲ್ಲು ಒಣಗಿ ನಿಂತಿತ್ತು, ನಮ್ಮ ಕಡೆಯ ಕಣದಷ್ಟು ಅಗಲ. ಅತ್ತೆಯವರು ರಾಮದುರ್ಗದ ಹತ್ತಿರ ಮಲಪ್ರಭೆಯ ದಂಡೆಯ ಊರಿನ ಮಗಳು. ಅವರು ಹುಟ್ಟಿದಂದಿನಿಂದ ನೋಡಿದ ನೀರಿಗೆ ಒಂದೇ ನಿಯಮ. ಮಳೆಗಾಲದಲ್ಲಿ ಏರುತ್ತದೆ, ದೀಪಾವಳಿ ಹೊತ್ತಿಗೆ ಇಳಿಯುತ್ತದೆ. ಇಳಿದ ಮೇಲೆ ಮುಂದಿನ ಮುಂಗಾರಿನವರೆಗೆ ತಿರುಗಿ ಬರುವುದಿಲ್ಲ. ನಡುವೆ ಡ್ಯಾಮಿನಿಂದ ಬಿಡುವುದಿದ್ದರೆ ಊರೂರಿಗೆ ಸಾರಿ ಹೇಳುತ್ತಾರೆ. ಹೊಳೆ ಇಳಿದ ಮೇಲೆ ಬುತ್ತಿ ಕಟ್ಟಿಕೊಂಡು ಹೋಗಿ ನಡುಹೊಳೆಯ ಕಲ್ಲಿನ ಮೇಲೆ ಕೂತು ಉಣ್ಣುವುದು ಅವರ ತವರಿನ ಪದ್ಧತಿ.

"ನೋಡು, ಇಳಿದೈತಿ," ಎಂದರು ಮಗನಿಗೆ. "ಆ ಕಲ್ಲಿನ ಮ್ಯಾಲ ಕುಂತು ರೊಟ್ಟಿ ತಿನ್ನೂಣು ನಡಿ."

ನಾನು ಭೂಗೋಳದ ಉಪನ್ಯಾಸಕಿ. ಉಬ್ಬರವಿಳಿತವನ್ನು ಪ್ರತಿ ವರ್ಷ ಎರಡು ಪಿರಿಯಡ್‌ನಲ್ಲಿ ಮುಗಿಸುತ್ತೇನೆ. ಭೂಮಿ, ಚಂದ್ರ, ಸೂರ್ಯ ಒಂದೇ ಗೆರೆಯಲ್ಲಿ ಬಂದರೆ, ಅಂದರೆ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ, ನೀರು ಹೆಚ್ಚು ಇಳಿದು ಹೆಚ್ಚು ಏರುತ್ತದೆ. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಪೂರ್ತಿ ಅಂಕ. ದೀಪಾವಳಿ ಅಮಾವಾಸ್ಯೆ ಮುಗಿದು ಎರಡು ದಿನವಾಗಿತ್ತು. ನನಗೆ ಯಾವುದೂ ನೆನಪಾಗಲಿಲ್ಲ. ಚಂದ್ರನನ್ನು ನಾನು ಬೋರ್ಡಿನ ಮೇಲೆ ಬಿಟ್ಟು ಬಂದಿದ್ದೆ.

ಅವರಿಬ್ಬರೂ ಹಸಿ ಉಸುಕಿನ ಮೇಲೆ ನಡೆದು ಹೋದರು. ನಾನು ಚಪ್ಪಲಿ, ಚೀಲ ಕಾಯುತ್ತ ದಂಡೆಯಲ್ಲಿ ಉಳಿದೆ. ಕಾಲೇಜಿನಿಂದ ಕಿರುಪರೀಕ್ಷೆಯ ಅಂಕಪಟ್ಟಿ ಕೇಳಿ ಮೊಬೈಲಿಗೆ ಮೆಸೇಜ್ ಬಂದಿತ್ತು, ಅದನ್ನು ಕಳಿಸುತ್ತಿದ್ದೆ. ಕಳಿಸಿ ತಲೆ ಎತ್ತಿದಾಗ ಅವರಿಬ್ಬರೂ ನನಗೆ ಬೆನ್ನು ಮಾಡಿ, ಸಮುದ್ರದ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಸಮುದ್ರ ಆ ಕಡೆಯಿಂದ ಬರಲಿಲ್ಲ. ಎಡಕ್ಕೂ ಬಲಕ್ಕೂ ಸುತ್ತಿ, ಅವರ ಬೆನ್ನ ಹಿಂದೆ ಬಂತು. ಹೊಲಕ್ಕೆ ನೀರು ಬಿಟ್ಟಾಗ ಮೊದಲು ಒಂದು ಎಳೆ ಹರಿದು, ಆಮೇಲೆ ಪೂರಾ ಸಾಲು ತುಂಬುತ್ತದಲ್ಲ, ಹಾಗೆ. ಕಲ್ಲಿಗೂ ದಂಡೆಗೂ ನಡುವೆ ಅವರು ನಡೆದುಹೋದ ಹೆಜ್ಜೆಗಳು ಕಾಣುತ್ತಿದ್ದವು. ಆಮೇಲೆ ಕಾಣಲಿಲ್ಲ.

ನಾನು "ರೀ" ಎಂದೆ.

ರೀ ಎನ್ನುವುದು ಅಡುಗೆಮನೆಯಿಂದ ಪಡಸಾಲೆಗೆ ಸಾಕಾಗುವ ಶಬ್ದ. ಜೋರಾಗಿ ಕೂಗಿದೆ. "ಅತ್ತೀ" ಎಂದೂ ಕೂಗಿದೆ. ಅಲೆಗಳ ಸದ್ದಿನಲ್ಲಿ ಎರಡೂ ಒಂದೇ, ಎರಡೂ ಕಡಲಹಕ್ಕಿ ಕೂಗಿದ ಹಾಗೆ. ಗಂಡ ಒಮ್ಮೆ ಅರ್ಧ ತಿರುಗಿ ಕೈಯಲ್ಲಿದ್ದ ರೊಟ್ಟಿ ಎತ್ತಿ ತೋರಿಸಿದರು. ನೀನೂ ಬಾ ಎಂದು. ನಾನು ಎರಡೂ ಕೈ ಬೀಸಿದೆ. ಅವರೂ ಬೀಸಿದರು. ಮತ್ತೆ ಆ ಕಡೆ ತಿರುಗಿದರು. ನಾನು ನೀರಿಗಿಳಿದೆ, ಮೊಣಕಾಲಿಗೆ ಬಂದಾಗ ಕಾಲ ಕೆಳಗಿನ ಉಸುಕು ಸರಿಯಿತು, ಹಿಂದಕ್ಕೆ ಬಂದೆ. ನನಗೆ ಈಜು ಬರುವುದಿಲ್ಲ. ಸವದತ್ತಿಯಲ್ಲಿ ಬೆಳೆದವಳು, ನಮ್ಮ ಮನೆಯಲ್ಲಿ ನೀರು ಕೊಡದಲ್ಲಿರುತ್ತಿತ್ತು.

ಆಚೆ ಬಂಡೆಗಳಲ್ಲಿ ಚಿಪ್ಪು ಆಯುತ್ತಿದ್ದವರಲ್ಲಿ ಕೊನೆಗೆ ಉಳಿದ ಒಬ್ಬ ಹೆಂಗಸು ಬುಟ್ಟಿ ಹಿಡಿದು ಮನೆಯ ಕಡೆ ಹೊರಟಿದ್ದಳು. ನನ್ನನ್ನು ನೋಡಿದಳು, ಕಲ್ಲನ್ನು ನೋಡಿದಳು.

"ಯಾರೇ ಅಲ್ಲಿ ಕೂತವ್ರು?"

"ನಮ್ಮವರು."

"ನಿಮ್ಮವ್ರಿಗೆ ಹೆಸ್ರಿಲ್ವನೇ? ರೀ ರೀ ಅಂದ್ರೆ ಯಾರಿಗೆ ಕೇಳ್ತದೆ? ಹೆಸ್ರ್ ಹಿಡ್ದು ಕೂಗು!"

ನಾನು ಬಾಯಿ ತೆರೆದೆ.

ದಿನವೂ ಬೆಳಿಗ್ಗೆ ಒಂದು ತರಗತಿಯ ಮಕ್ಕಳ ಹೆಸರೆಲ್ಲ ಕೂಗಿ ಹಾಜರಿ ಹಾಕುವುದು ನನ್ನ ಕೆಲಸ. ಅದರಲ್ಲಿ ಒಬ್ಬ ಹುಡುಗನ ಹೆಸರು ನನ್ನ ಗಂಡನದೇ. ಅವನನ್ನು ಮಾತ್ರ ಮನೆತನದ ಅಡ್ಡಹೆಸರಿನಿಂದ ಕರೆಯುತ್ತೇನೆ. ಮದುವೆಯಾದ ಮೊದಲ ತಿಂಗಳು ಒಮ್ಮೆ ಫೋನಿನಲ್ಲಿ ಗೆಳತಿಯ ಜೊತೆ ಮಾತಾಡುತ್ತ ಗಂಡನ ಹೆಸರು ಹೇಳಿದ್ದೆ. ಅತ್ತೆಯವರು ಫೋನು ಇಡುವವರೆಗೆ ಕಾದು, ಸಿಟ್ಟಿಲ್ಲದೆ, ಹಾಲು ಉಕ್ಕುತ್ತಿದೆ ಎಂದು ಹೇಳುವ ದನಿಯಲ್ಲಿ ಹೇಳಿದ್ದರು: "ಗಂಡನ ಹೆಸರ ಹಂಗ ತಗೀಬಾರದವಾ. ಆಯುಷ್ಯ ಕಡಿಮಿ ಆಗತೈತಿ." ನಾನು ಎಂ.ಎ. ಮಾಡಿದವಳು, ಇದನ್ನು ನಂಬಿರಲಿಲ್ಲ. ನಂಬದಿದ್ದರೂ ಹೇಳುವುದನ್ನು ಬಿಟ್ಟೆ. ಹನ್ನೊಂದು ವರ್ಷ ಬಿಟ್ಟಿದ್ದು ಬೇಕಾದಾಗ ಬಾಯಿಗೆ ಬರುವುದಿಲ್ಲ.

ನಮ್ಮ ಕಡೆ ಹೆಸರು ಹೇಳಲು ಒಂದೇ ದಾರಿ ಇದೆ, ಒಡಪು. ಮದುವೆ, ಬಸುರಿಯ ಕುಬುಸದ ಕಾರ್ಯಗಳಲ್ಲಿ ಹೆಂಗಸರು ಅಡ್ಡಗಟ್ಟಿ ನಿಂತು ಹೆಸರು ಹೇಳಿಸುತ್ತಾರೆ. ಪ್ರಾಸ ಕಟ್ಟಿದ ಎರಡು ಮೂರು ಸಾಲಿನಲ್ಲಿ ಸುತ್ತಿ ತಂದರೆ ಹೆಸರು ಹೇಳಿದ ದೋಷವಿಲ್ಲ. ನನಗಿದ್ದದ್ದು ಒಂದೇ ಒಡಪು. ಮೊದಲ ಸಾಲಿನಲ್ಲಿ ಬೆಳ್ಳಿ ಬಟ್ಟಲು ಬರುತ್ತದೆ, ಎರಡನೆಯದರಲ್ಲಿ ಬಾಳೆಹಣ್ಣು, ಮೂರನೆಯದರಲ್ಲಿ ಗಂಡ.

ನಾನು ಬೆಳ್ಳಿ ಬಟ್ಟಲಿನಿಂದ ಶುರುಮಾಡಿದೆ. ಸಮುದ್ರದ ಮುಂದೆ ನಿಂತು, ಕಿರುಚುತ್ತ. ಹೆಂಗಸು ಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಬಾಳೆಹಣ್ಣು ದಾಟಿ ಹೆಸರು ಬಂತು. ಒಮ್ಮೆ ಬಂದ ಮೇಲೆ ನಿಲ್ಲಲಿಲ್ಲ, ಹೆಸರೊಂದನ್ನೇ ಕೂಗಿದೆ, ಅಡ್ಡಹೆಸರು ಸೇರಿಸಿ ಕೂಗಿದೆ.

ಗಂಡ ಎದ್ದು ನಿಂತರು. ಅವರು ಎದ್ದದ್ದು ಅಪಾಯ ಕಂಡಲ್ಲ, ನನ್ನ ದನಿಯಲ್ಲಿ ತಮ್ಮ ಹೆಸರು ಕೇಳಿ. ತಿರುಗಿದ ಮೇಲೆ ನೀರು ಕಂಡಿತು.

ಆ ಹೆಂಗಸಿಗೆ ನೀರಿನ ಅಡಿಯಲ್ಲಿ ಹಾಸುಗಲ್ಲಿನವರೆಗೆ ಹೋಗುವ ಕಲ್ಲಿನ ಒಂದು ಏಣು ಗೊತ್ತಿತ್ತು. ಸೊಂಟದವರೆಗೆ ನೀರಿನಲ್ಲಿ ಅದರ ಮೇಲೆಯೇ ನಡೆದು ಹೋದಳು. ಅತ್ತೆಯವರ ಕೈ ಹಿಡಿದಳು, ಗಂಡ ಹಿಂದಿನಿಂದ ಹಿಡಿದರು. ಅರ್ಧ ದಾರಿಯಲ್ಲಿ ಅಲೆ ಬಂತು, ಅತ್ತೆಯವರ ಕಾಲು ಏಣಿನಿಂದ ಜಾರಿತು. ಮೊದಲು ಭುಜ ಹೋಯಿತು, ಆಮೇಲೆ ತುರುಬು. ಆಮೇಲೆ ಆ ಜಾಗದಲ್ಲಿ ಬರೀ ನೀರಿತ್ತು. ನಾನು ಎಣಿಸಿದೆ. ಯಾಕೆ ಎಣಿಸಿದೆನೋ ಗೊತ್ತಿಲ್ಲ. ಏಳಕ್ಕೆ ಆ ಹೆಂಗಸು ಸೆರಗು ಹಿಡಿದು ಮೇಲಕ್ಕೆಳೆದಳು.

ದಂಡೆಗೆ ತಂದು ಕೂರಿಸಿದಾಗ ಅತ್ತೆಯವರು ಕೆಮ್ಮಿ, ಕೆಮ್ಮಿ, ಕೊನೆಗೆ ಮಗನ ಕಡೆ ನೋಡಿ ಅಂದರು, "ಲೇ, ಉಪ್ಪೈತೋ ಇದು."

ಆ ಹೆಂಗಸು, "ಹೀಗೆಲ್ಲ ಹೋಗಿ ಕೂತ್ಕಂಬುದಲ್ಲ," ಎಂದು ಬೈದು, ಬುಟ್ಟಿ ಎತ್ತಿಕೊಂಡು, ಒದ್ದೆ ಸೀರೆ ಹಿಂಡುತ್ತ ಹೊರಟುಹೋದಳು. ನಾವು ಮೂವರಲ್ಲಿ ಯಾರೂ ಅವಳ ಹೆಸರು ಕೇಳಲಿಲ್ಲ.

ಊರಿಗೆ ಬಂದ ಮೇಲೆ ಇದು ನಗುವ ಕತೆಯಾಯಿತು. ಹೇಳುವವರು ಅತ್ತೆಯವರೇ. ಮುರಗೋಡದ ಮಠಕ್ಕೆ ಹೋದಾಗ ಪ್ರಸಾದದ ಸಾಲಿನಲ್ಲಿ ಕೂತು ಹೇಳಿದರು, ನೆಂಟರ ಮದುವೆಗಳಲ್ಲಿ ಹೇಳಿದರು. "ಎಲ್ಲಾರೂ ಮದವ್ಯಾಗ ಒಡಪ ಹೇಳಿದ್ರ, ನಮ್ಮ ಸೊಸಿ ಸಮುದ್ರಕ್ಕ ಹೇಳಿದ್ಲು ನೋಡ್ರಿ. ಒಡಪ ಹೇಳಿ ಗಂಡನ್ನ ಬಿಡಿಸಿಕೊಂಡು ಬಂದ್ಲು." ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆ ಕತೆ ಕೇಳುವ ಪದ್ಧತಿ ಅದೇ ಆಗಿತ್ತು. ಗಂಡನಿಗೆ ದುಃಖವಿದ್ದದ್ದು ಕಲ್ಲಿನ ಮೇಲೆ ಉಳಿದ, ರೊಟ್ಟಿಯ ಜೊತೆಗಿನ ಝುಣಕದ ಡಬ್ಬಿಯ ಬಗ್ಗೆ.

ಕತೆಯಲ್ಲಿ ಇಲ್ಲದಿರುವುದು ನನಗೆ ಗೊತ್ತು. ನೀರು ಬೆನ್ನ ಹಿಂದೆ ಬಂದದ್ದು ಕಂಡದ್ದಕ್ಕೂ ಹೆಸರು ಬಾಯಿಂದ ಬಂದದ್ದಕ್ಕೂ ನಡುವೆ ಸಮಯವಿತ್ತು. ನೀರು ಪಾದದಷ್ಟಿದ್ದಾಗ ಕೂಗಿದ್ದರೆ ಅವರು ನಡೆದೇ ಬರುತ್ತಿದ್ದರು. ವರ್ಷದಿಂದ ಅದನ್ನು ಮತ್ತೆ ಮತ್ತೆ ನೋಡುತ್ತೇನೆ. ಹಾಜರಿ ಹಾಕುವಾಗ ನೋಡುತ್ತೇನೆ, ಹಿಟ್ಟು ನಾದುವಾಗ ನೋಡುತ್ತೇನೆ, ರಾಮದುರ್ಗಕ್ಕೆ ಹೋಗುವ ಬಸ್ಸು ಸೇತುವೆ ದಾಟುವಾಗ ನೋಡುತ್ತೇನೆ. ಕೆಲವು ಸಲ ಬೇಗ ಕೂಗುತ್ತೇನೆ, ಅವರು ಚಪ್ಪಲಿ ಕೇಳುತ್ತ ವಾಪಸು ಬರುತ್ತಾರೆ. ಕೆಲವು ಸಲ ಎಣಿಕೆ ಏಳಕ್ಕೆ ನಿಲ್ಲುವುದಿಲ್ಲ. ಈ ವರ್ಷ ಉಬ್ಬರವಿಳಿತದ ಪಾಠ ಮಾಡುವಾಗ ಚಿತ್ರ ಬರೆದು, ಭೂಮಿಯ ಅಂಚಿನಲ್ಲಿ ಸುಮ್ಮನೆ ಎರಡು ಚುಕ್ಕೆ ಇಟ್ಟೆ. ಮಕ್ಕಳು ಅವನ್ನೂ ಬರೆದುಕೊಂಡರು. ಪರೀಕ್ಷೆಯಲ್ಲಿ ಮೂರು ಮಂದಿ ಆ ಚುಕ್ಕೆಗಳಿಗೆ ಹೆಸರು ಕೊಟ್ಟು ಗುರುತಿಸಿದ್ದರು, ದ್ವೀಪಗಳು ಎಂದು. ಅಂಕ ಕೊಟ್ಟೆ.

ಹೀಗಿರುವಾಗ ಈ ವರ್ಷ ಅತ್ತೆಯವರು ಮತ್ತೆ ಅಲ್ಲಿಗೇ ಹೋಗಬೇಕು ಎಂದರು. ಆ ಹೆಂಗಸಿನ ಉಡಿ ತುಂಬಬೇಕು. ಸೀರೆ, ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಎಲ್ಲ ಅವಳ ಸೆರಗಿಗೆ ಹಾಕಿ ಕೈಮುಗಿಯಬೇಕು.

"ವರ್ಷ ಆತು. ಅಕೀ ಉಡಿ ತುಂಬಲಿಲ್ಲಂದ್ರ ಈ ಜೀವ ಪುಗಸಟ್ಟೆ ಬಂದಂಗ."

"ಲಾಡ್ಜಿನವರ ಕಡೆ ಕೊಟ್ಟು ಕಳಸೂಣ್ರಿ."

"ಉಡಿ ಪಾರ್ಸಲ್ ಮಾಡತಾರೇನ ಯಾರರ?"

ಗಂಡ ತಾಯಿಯ ಪಕ್ಷ. "ಹೋಗಿ ಬರೂಣು ಬಿಡು. ಈ ಸಲ ಕಲ್ಲಿನ ಮ್ಯಾಲ ಕುಂಡ್ರೂದಿಲ್ಲ ಅಂದ್ರ ಮುಗೀತಲ್ಲ."

ಆಗ ನಾನು ಎರಡು ಕೆಲಸ ಮಾಡಿದೆ. ಒಂದು, ಸಮುದ್ರವಿಲ್ಲದ ಆ ಯೋಜನೆ ಬರೆದದ್ದು. ಅದು ಹೇಗೆ ಬಿದ್ದುಹೋಯಿತು ಎಂದು ಆಗಲೇ ಹೇಳಿದೆ. ಎರಡನೆಯದು, ಪಂಚಾಂಗ ಹಿಡಿದು ಅಷ್ಟಮಿಯ ಆಸುಪಾಸಿನ ದಿನ ಹುಡುಕಿದ್ದು. ಚಂದ್ರ ಅರ್ಧವಿದ್ದಾಗ ಉಬ್ಬರದ ಜೋರು ಕಡಿಮೆ, ಇಷ್ಟು ವರ್ಷ ಕಲಿಸಿದ್ದು ಒಮ್ಮೆಯಾದರೂ ಉಪಯೋಗಕ್ಕೆ ಬರಲಿ ಎಂದುಕೊಂಡೆ. ಆ ದಿನಕ್ಕೆ ಕೋಣೆ ಕೇಳಲು ಹೋದ ವರ್ಷ ಇಳಿದಿದ್ದ ಲಾಡ್ಜಿಗೆ ಫೋನು ಮಾಡಿದೆ. ಮಾಲೀಕರು ಬಹಳ ಸಂತೋಷಪಟ್ಟರು.

"ಯಾವಾಗ್ ಬೇಕಾರೂ ಬನ್ನಿ ಮೇಡಂ. ಈಗೆಂತ ಸೀಜನ್ನೇ ಅಲ್ಲ. ಇಲ್ಲಿ ನಾನೊಬ್ನೇ ಇರೂದು."

ಚಿಪ್ಪು ಆಯುವ ಹೆಂಗಸಿನ ಬಗ್ಗೆ ಕೇಳಿದೆ.

"ಹೆಸ್ರೆಂತದು?"

"ಗೊತ್ತಿಲ್ರಿ."

"ಹತ್ತು ಹನ್ನೆರಡು ಜನ ಬತ್ರು. ಯಾರು ಅಂತ ಹೇಳೂದು? ಮತ್ತೆ ಅಷ್ಟಮಿಗೆ ಬಂದ್ರೆ ಒಬ್ರೂ ಸಿಕ್ಕುದಿಲ್ಲ. ನೀರು ಪೂರ್ತಿ ಇಳಿಯುದು ಅಮಾಸೆ ಹುಣ್ಮೆಗೆ. ಅವ್ರು ಚಿಪ್ಪಿಗೆ ಬರುದೂ ಆವಾಗ್ಲೇ."

ಫೋನು ಇಟ್ಟೆ. ಅಪಾಯವಿಲ್ಲದ ದಿನ ಅವಳು ಇರುವುದಿಲ್ಲ, ಅವಳಿರುವ ದಿನ ಅಪಾಯವಿರುತ್ತದೆ. ಮನೆಯಲ್ಲಿ ಹೇಳಿದೆ. ಅತ್ತೆಯವರು ಎರಡು ನಿಮಿಷ ಯೋಚಿಸಿ, "ಹಂಗಾರ ಅಮಾಸಿಗೇ ಹೋಗೂಣು. ಹನ್ನೆರಡೂ ಮಂದೀದು ತುಂಬೂಣು, ಅದರಾಗ ಅಕೀನೂ ಬರತಾಳ," ಎಂದರು. ಸೀರೆ ಒಂದೇ, ಅವಳಿಗೆ. ಉಳಿದವರಿಗೆ ಬರೀ ಖಣ.

ಖರೀದಿಗೆ ಬಜಾರಕ್ಕೆ ಹೋದೆವು. ಮೂವತ್ತು ವರ್ಷದಿಂದ ನಮ್ಮ ಮನೆಯ ಬಟ್ಟೆಯೆಲ್ಲ ಬರುವ ಅಂಗಡಿ ಅದು. ಅಂಗಡಿಯ ಹಿರಿಯರನ್ನು ಅತ್ತೆಯವರು ಸಾಹೇಬರ ಎನ್ನುತ್ತಾರೆ, ಅವರು ಇವರಿಗೆ ಅವ್ವಾರ ಎನ್ನುತ್ತಾರೆ.

"ಸಾಹೇಬರ, ಇಳಕಲ್ಲ ಸೀರಿ ತಗೀರಿ. ಸೆರಗ ಚಲೋದು ಇರಲಿ. ಜೀವಾ ಉಳಿಸಿದಾಕಿಗೆ ಕೊಡೂದೈತಿ."

"ಆ ಒಡಪಿನ ಸಮುದ್ರದ್ದೇನ್ರಿ ಅವ್ವಾರ?" ಅವರಿಗೂ ಕತೆ ಗೊತ್ತಿತ್ತು. ನನ್ನ ಕಡೆ ನೋಡಿ ನಕ್ಕು ಮೂರು ಸೀರೆ ಬಿಚ್ಚಿ ಹಾಸಿದರು.

"ಇಳಕಲ್ಲ ಬ್ಯಾಡ್ರಿ ಅತ್ತಿ," ಎಂದೆ. "ತೊಯ್ದ್ರ ಭಾರ ಆಗತೈತಿ."

"ಅವ್ವಾ, ಉಡಾಕ ಕೊಡೂದು. ತೋಯಿಸಾಕಲ್ಲ."

"ನೀವು ಅವತ್ತು ಇಂಥಾದ್ದ ಉಟ್ಟಿದ್ರಿ. ಅದ ನಿಮ್ಮನ್ನ ಕೆಳಗ ಎಳೀತು."

"ಎಳೀತು, ಮತ್ತ ಮ್ಯಾಲ ಬಂದೆ. ಸಾಹೇಬರ, ಆ ಹಸರ ದಡೀದು ತೋರಸ್ರಿ."

"ಅತ್ತಿ, ನಾ ಲಗೂ ಕೂಗಲಿಲ್ಲ."

ಇದನ್ನು ಅಲ್ಲಿ ಹೇಳಬೇಕೆಂದು ಹೋದವಳಲ್ಲ ನಾನು. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. "ನೀರು ಹಿಂದಿನಿಂದ ಬರೋದು ನನಗ ಮೊದಲ ಕಂಡಿತ್ತು. ಪಾದದಷ್ಟ ಇತ್ತು. ರೀ ರೀ ಅಂದೆ, ಅಷ್ಟ. ಅಕಿ ಹೆಸರ ಹಿಡದ ಕೂಗು ಅಂದ್ಲು. ಆವಾಗೂ ಬಾಯಾಗ ಬರಲಿಲ್ಲ. ನೀವು ಒಂದ ಪೂರಾ ರೊಟ್ಟಿ ತಿಂದ್ರಿ ಅಲ್ಲೀತನಕ."

ಸಾಹೇಬರು ಹಸಿರು ದಡಿಯ ಸೀರೆಯನ್ನು ಅರ್ಧ ಬಿಚ್ಚಿ ಹಾಗೇ ಹಿಡಿದು ನಿಂತರು.

"ನಾ ತಿಂದಿದ್ದು ಅರ್ಧ ರೊಟ್ಟಿ," ಎಂದರು ಅತ್ತೆಯವರು. "ಉಳದದ್ದು ಅಂವ ತಿಂದ." ಸ್ವಲ್ಪ ಹೊತ್ತು ಸೀರೆಯ ದಡಿಯನ್ನು ಬೆರಳಲ್ಲಿ ಸವರಿದರು. "ಯಾಕ ಬರಲಿಲ್ಲ?"

"ಆಯುಷ್ಯ ಕಡಿಮಿ ಆಗತೈತಿ ಅಂತ ನೀವ ಹೇಳಿದ್ರಿ."

ಅದು ದೂರಿನ ಹಾಗೆ ಕೇಳಿಸಿತು. ನಾನು ದೂರಲು ಹೇಳಿದ್ದಲ್ಲ, ಅಥವಾ ಸ್ವಲ್ಪ ಅದಕ್ಕೇ ಹೇಳಿದ್ದಿರಬಹುದು. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾದುಹೋಯಿತು. ಅತ್ತೆಯವರು ಸೀರೆಯ ದಡಿಯಿಂದ ಕೈ ತೆಗೆದರು.

"ಹೇಳಿದ್ನಿ," ಎಂದರು. "ನಮ್ಮತ್ತಿ ನನಗ ಹೇಳಿದ್ರು. ನಿಮ್ಮ ಮಾವ ಹೋಗೂತನಕ ನಾ ಒಮ್ಮೀನೂ ಅವರ ಹೆಸರ ತಗೀಲಿಲ್ಲ. ಆದ್ರೂ ನಲವತ್ತೆಂಟಕ್ಕ ಹೋದ್ರು."

ಮಾವ ತೀರಿಕೊಂಡ ವಯಸ್ಸನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಸಾಹೇಬರು ಮೆಲ್ಲಗೆ ಸೀರೆ ಮಡಿಸತೊಡಗಿದರು.

"ಮಡಸಿ ಇಡ್ರಿ," ಎಂದರು ಅತ್ತೆಯವರು. "ಇದು ಬ್ಯಾಡ. ತೊಯ್ದ್ರ ಭಾರ ಆಗದಂಥಾದ್ದು ಏನೈತಿ? ಸೊಸಿ ಹೇಳಿದ್ದು ಖರೇ ಐತಿ. ಅಕಿ ನೀರಾಗ ಇಳಿಯಾಕಿ."

ತೆಳುವಾದ, ಬೇಗ ಒಣಗುವ ಒಂದು ಸೀರೆ ಆರಿಸಿದೆವು. ನೀಲಿ ಬಣ್ಣ ಬೇಡ ಎಂದೆ, ನೀರಿನಲ್ಲಿ ಕಾಣುವುದಿಲ್ಲ. ಕೆಂಪು ಕೊಟ್ಟರು. ಸಾಹೇಬರು ಹನ್ನೆರಡು ಖಣದ ಮೇಲೆ ಇನ್ನೊಂದು ತಾವಾಗಿ ಇಟ್ಟರು. "ಇದು ನಮ್ಮ ಮನೀಯಿಂದ್ರಿ. ಅಕೀಗೇ ಕೊಡ್ರಿ."

ಮನೆಗೆ ಬಂದು ಯೋಜನೆಯನ್ನು ಹೊಸದಾಗಿ ಬರೆದೆ. ಅಮಾವಾಸ್ಯೆಯ ಮರುದಿನ ಹೊರಡುವುದು. ಲಾಡ್ಜಿನ ಮಾಲೀಕರಿಗೆ ಮತ್ತೆ ಫೋನು ಮಾಡಿ, ಎರಡನೇ ದಿನ ನೀರು ಪೂರ್ತಿ ಇಳಿಯುವ ಹೊತ್ತು ಕೇಳಿ ಬರೆದುಕೊಂಡೆ, ಬೆಳಿಗ್ಗೆ ಆರೂವರೆಯ ಸುಮಾರು. ಏಳು ಗಂಟೆಯೊಳಗೆ ಎಲ್ಲರೂ ದಂಡೆಗೆ ವಾಪಸು ಬಂದಿರಬೇಕು ಎಂದು ಕೆಳಗೆ ಗೆರೆ ಎಳೆದೆ. ಗೋಡಂಬಿ ಕಾರ್ಖಾನೆ ಹೊಡೆದುಹಾಕಿದೆ. ಗಂಡ ಹೆಗಲ ಮೇಲಿಂದ ಬಗ್ಗಿ ಓದಿ, "ನಾಷ್ಟಾ ಎಲ್ಲಿ?" ಎಂದರು.

"ಲಾಡ್ಜಿನ್ಯಾಗ್ರಿ. ಬಾಗಲಾ ಹಾಕ್ಕೊಂಡು."

ಅತ್ತೆಯವರು ಖಣಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕೆ ಹಾಕುತ್ತಿದ್ದರು. "ಆ ಹೆಂಗಸರು ಕಲ್ಲಿನ ಹತ್ರನ ಇರತಾರ. ಅಲ್ಲೀತನಕ ಯಾರರ ಹೋಗಿ ಕರಕೊಂಡ ಬರಬೇಕಲ್ಲ."

ಗಂಡ ಬಾಯಿ ತೆರೆಯುವ ಮೊದಲೇ ಹೇಳಿದೆ. "ನಾ ಹೋಗತೇನ್ರಿ. ನೀವಿಬ್ಬರೂ ದಂಡೀ ಮ್ಯಾಲ ಕುಂಡರ್ರಿ."

ಹೇಳಿ, ಯೋಜನೆಯಲ್ಲಿ ಆರೂವರೆಯ ಮುಂದೆ ನಾನು ಎಂದು ಬರೆದೆ. ಅತ್ತೆಯವರು ಕೊನೆಯ ಖಣ ಚೀಲಕ್ಕೆ ಹಾಕಿ, ಜಿಪ್ಪು ಎಳೆದು, ನನ್ನ ಕಡೆ ತಿರುಗಿದರು.

"ಹೋಗು. ನೀರ ತಿರಿಗಿದ್ರ ನಾ ಕೂಗತೇನಿ. ನಿನ್ನ ಹೆಸರ ಕೂಗಾಕ ನನಗೇನ ತಡಾ ಆಗೂದಿಲ್ಲ."